ಒಂದು ಮೊರ ತವುಡಿನ ಮಗಳು

ಹಡಗಿನಿಂದ ಇಳಿದ ಕೂಡಲೇ ನನ್ನ ಮಗಳನ್ನು ಒಂದು ಸಾಲಿಗೆ, ನನ್ನನ್ನು ಇನ್ನೊಂದು ಸಾಲಿಗೆ ಕಳಿಸಿದರು. ನಡುವೆ ಒಂದು ಹಗ್ಗ ಕಟ್ಟಿತ್ತು. ಹಗ್ಗದ ಆಚೆ ಇಂಗ್ಲೆಂಡಿನ ಪ್ರಜೆಗಳು, ಈಚೆ ನಮ್ಮಂಥ ಉಳಿದವರು. ನಾಲ್ಕೂವರೆ ವರ್ಷದ ತಿಪ್ಪಿ, ಅಜ್ಜಿ ಹೊಲಿಸಿದ ಚೀಟಿ ಬಟ್ಟೆಯ ಲಂಗದ ಮೇಲೆ ಯಾರೋ ಕೊಟ್ಟ ದೊಡ್ಡ ಕೋಟು ತೊಟ್ಟು, ಕೈಯಲ್ಲಿ ತನ್ನದೇ ನೀಲಿ ಪಾಸ್‌ಪೋರ್ಟು ಹಿಡಿದು ಆಚೆ ನಿಂತಿದ್ದಳು. ಅವಳು ಈ ದೇಶದವಳು. ಹೆತ್ತ ನಾನು ಪರದೇಶಿ.

ಆಫೀಸರು ಅವಳ ಪುಸ್ತಕ ನೋಡಿದ, ನನ್ನ ಮುಖ ನೋಡಿದ, ಏನೋ ಕೇಳಿದ. ನನಗೆ ತಿಳಿದದ್ದು ‘ಮದರ್’ ಎಂಬ ಒಂದೇ ಮಾತು. ಹೌದು ಎನ್ನಬೇಕಿತ್ತು, ಅಷ್ಟೇ. ಬಾಯೇ ಬರಲಿಲ್ಲ. ಚೀಲದಲ್ಲಿದ್ದ ಕಾಗದವನ್ನೆಲ್ಲ ಮೇಜಿನ ಮೇಲೆ ಸುರಿದೆ. ಪುಣ್ಯಾತ್ಮ ಒಂದನ್ನೂ ಬಿಚ್ಚಿ ನೋಡಲಿಲ್ಲ, ನಕ್ಕು ಹಗ್ಗ ಎತ್ತಿ ಹಿಡಿದ. ಆ ಒಂದು ಪ್ರಶ್ನೆಗೆ ಉತ್ತರ ಸಂಪಾದಿಸಲು ನಾನು ಎಂಟು ತಿಂಗಳು ಚಪ್ಪಲಿ ಸವೆಸಿದ್ದೆ. ಉತ್ತರ ಕೈಯಲ್ಲಿದ್ದಾಗ ನಾಲಗೆ ಕೈಕೊಟ್ಟಿತು. ಯಾಕೆ ಎಂದು ಊರಿನವರಿಗಾದರೂ ಹೇಳಿಕೊಳ್ಳಬೇಕು, ಇಲ್ಲಿಯವರಿಗೆ ಹೇಳಿದರೆ ತಲೆ ಕೆಟ್ಟಿದೆ ಎನ್ನುತ್ತಾರೆ.

ನಮ್ಮ ಯಜಮಾನರು ಯಲಹಂಕದಲ್ಲಿ ಫಿಟ್ಟರ್ ಕೆಲಸ ಮಾಡುತ್ತಿದ್ದವರು. ನಾನು ಐದು ತಿಂಗಳ ಬಸುರಿಯಾಗಿದ್ದಾಗ ಇಲ್ಲಿಯ ಕಾರ್ಖಾನೆಗೆ ಬಂದರು, ಒಂದೆರಡು ವರ್ಷ ಕಳೆದು ಇಲ್ಲಿಯ ಪ್ರಜೆಯೂ ಆದರು. ಅವರು ಪ್ರಜೆಯಾಗುವ ಮೊದಲೇ ಮಗು ಹುಟ್ಟಿದ್ದರಿಂದ ಅದಕ್ಕೆ ಪೌರತ್ವ ತಾನಾಗಿ ಬರುವುದಿಲ್ಲ, ಬೇರೆ ಅರ್ಜಿ ಹಾಕಬೇಕು. ‘ಹೊರಡುವ ಮೊದಲೇ ಮಾಡಿಸಿಬಿಡು. ಹೊಸ ಕಾನೂನು ಬರುತ್ತದಂತೆ, ಆಮೇಲೆ ಬಾಗಿಲು ಹೇಗೋ ಏನೋ’ ಎಂದು ಬರೆದರು. ಅರ್ಜಿ ಹೋಗಬೇಕಾದದ್ದು ಮದರಾಸಿನ ಇಂಗ್ಲಿಷರ ಕಚೇರಿಗೆ. ಜೊತೆಗೆ ಬೇಕಾದದ್ದು ಮಗುವಿನ ಜನನದ ದಾಖಲೆಯ ನಕಲು. ಅದೇನು ಮಹಾ ಎಂದುಕೊಂಡು ಬಸ್ಸು ಹತ್ತಿ ತವರೂರು ಹುಣಸಮಾರನಹಳ್ಳಿಗೆ ಹೋದೆ.

ಪಟೇಲರ ಮನೆಯಲ್ಲಿ ಜನನದ ಪುಸ್ತಕ ತೆಗೆದರು. ಹೆಣ್ಣು ಮಗು, ಹೆಸರು ತಿಪ್ಪಮ್ಮ, ದಿನ ಸರಿ, ವಾರ ಸರಿ. ತಾಯಿಯ ಹೆಸರು ಮುನಿಯಮ್ಮ. ತಂದೆಯ ಹೆಸರು ಮುನಿಯಮ್ಮನ ಗಂಡನದು. ನಾನು ಎರಡು ಸಲ ಓದಿದೆ. ಜಗುಲಿಯ ಮೇಲೆ ಕೂತುಬಿಟ್ಟೆ.

ಮುನಿಯಮ್ಮ, ನಾವು ಕರೆಯುವ ಮುನಿಯಕ್ಕ, ನಮ್ಮವ್ವನ ಪಕ್ಕದ ಮನೆಯವಳು. ತಿಪ್ಪಿಗಿಂತ ಮೊದಲು ನನಗೆ ಎರಡು ಮಕ್ಕಳಾಗಿ ಎರಡೂ ತಿಂಗಳು ತುಂಬುವುದರೊಳಗೆ ಹೋಗಿದ್ದವು. ಮಕ್ಕಳು ನಿಲ್ಲದ ಮನೆಯಲ್ಲಿ ನಮ್ಮ ಕಡೆ ಏನು ಮಾಡುತ್ತಾರೆ ನಿಮಗೆ ಗೊತ್ತು. ಹುಟ್ಟಿದ ಮಗುವನ್ನು ತಿಪ್ಪೆಯ ಮೇಲೆ ಇಟ್ಟಂತೆ ಮಾಡಿ, ಮಕ್ಕಳನ್ನು ಕಳೆದುಕೊಳ್ಳದ ಹೆಂಗಸಿಗೆ ಮಾರುತ್ತಾರೆ. ಅವಳು ಒಂದು ಮೊರ ತವುಡು ಕೊಟ್ಟು ಕೊಳ್ಳುತ್ತಾಳೆ. ಅಲ್ಲಿಂದಾಚೆ ಮಗು ಅವಳದು, ಹೆತ್ತವಳು ಬರೀ ಸಾಕುವವಳು. ಮಗು ಗಟ್ಟಿಯಾದ ಮೇಲೆ ಒಂದು ಮೊರ ತವುಡು ವಾಪಸು ಕೊಟ್ಟು ಬಿಡಿಸಿಕೊಳ್ಳಬಹುದು. ಮುನಿಯಕ್ಕನಿಗೆ ನಾಲ್ಕು ಗಂಡುಮಕ್ಕಳು, ನಾಲ್ಕೂ ಕಲ್ಲುಗುಂಡು. ಅವಳು ತವುಡು ಕೊಟ್ಟು ಮಗುವನ್ನು ಎತ್ತಿಕೊಂಡದ್ದು ನನಗೆ ಗೊತ್ತಿತ್ತು. ಸರ್ಕಾರದ ಪುಸ್ತಕದಲ್ಲೂ ಹಾಗೇ ಬರೆಸಿದ್ದಾರೆಂದು ಬಾಣಂತಿ ಕೋಣೆಯಲ್ಲಿ ಬಿದ್ದಿದ್ದ ನನಗೆ ಯಾರೂ ಹೇಳಿರಲಿಲ್ಲ.

‘ಯಾಕವ್ವ ಇಂಥ ಕೆಲಸ ಮಾಡಿದೆ?’ ಎಂದು ನಮ್ಮವ್ವನ ಮೇಲೆ ಹರಿಹಾಯ್ದೆ.

ಅವ್ವ ಒಲೆಯ ಮುಂದಿನಿಂದ ಏಳಲೂ ಇಲ್ಲ. ‘ಮೊದಲ್ನೇ ಎಲ್ಡೂ ನಿನ್ನೆಸ್ರಲ್ಲೇ ಬರೆಸಿದ್ನಲ್ಲ, ಏನಾಯ್ತು ಏಳು? ಊರೋರ್ಗೆಲ್ಲ ಮುನಿಯಕ್ಕನ ಮಗಳು ಅಂತ ಏಳಿ, ಪುಸ್ತಕದಾಗೆ ನಿನ್ನೆಸ್ರು ಇಟ್ರೆ ಅದು ಓದ್ಕಳಾಕಿಲ್ವಾ?’

ಅದು ಎಂದರೆ ಯಾವುದು ಎಂದು ನಮ್ಮ ಮನೆಯಲ್ಲಿ ಯಾರೂ ಹೆಸರಿಡುವುದಿಲ್ಲ. ಸಾವಿಗೂ ಅಕ್ಷರ ಬರುತ್ತದೆ ಎಂದು ನಂಬಿದ ಓದುಬರಹವಿಲ್ಲದ ಮುದುಕಿಯ ಹತ್ತಿರ ನಾನು ಏನು ವಾದ ಮಾಡಲಿ? ಮಗು ಬದುಕಿತ್ತಲ್ಲ!

ತಾಲ್ಲೂಕು ಕಚೇರಿಯ ಮುಂದೆ ಮರದ ಕೆಳಗೆ ಅರ್ಜಿ ಬರೆಯುವ ರಾಯರೊಬ್ಬರು ಕೂತಿರುತ್ತಿದ್ದರು. ನಕಲು ಓದಿ ಕನ್ನಡಕ ಹಣೆಗೇರಿಸಿದರು. ‘ಏನಮ್ಮಾ ಇದು? ಮಗು ನಿಮ್ಮದು ಅಂತೀರಿ, ಇಲ್ಲಿ ತಾಯಿ ಬೇರೆ ಇದಾಳೆ. ಒಂದ್ ಕೆಲಸ ಮಾಡಿ, ಆಯಮ್ಮನ ಹತ್ರ ದತ್ತು ತಗೊಂಡ್ಬಿಡಿ.’

‘ನಾನು ಹೆತ್ತ ಮಗೂನ ನಾನೇ ದತ್ತು ತಗೋಬೇಕೇನ್ರೀ?’ ಎಂದು ಕೂಗಿದೆ. ಸುತ್ತ ನಿಂತವರು ತಿರುಗಿ ನೋಡಿದರು. ರಾಯರು ಬೇಜಾರು ಮಾಡಿಕೊಳ್ಳದೆ ಇದ್ದದ್ದನ್ನು ಇದ್ದ ಹಾಗೆ ಬರೆದು ಮದರಾಸಿಗೆ ಕಳಿಸಿದರು. ಆರು ವಾರಕ್ಕೆ ಉತ್ತರ ಬಂತು. ಪುಸ್ತಕದಲ್ಲಿ ತಾಯಿ ಎಂದು ಹೆಸರಿರುವ ಹೆಂಗಸು ಮೆಜಿಸ್ಟ್ರೇಟರ ಮುಂದೆ ನಿಂತು ಈ ಮಗು ತನ್ನದಲ್ಲವೆಂದು ಹೇಳಿ ಸಹಿ ಹಾಕಬೇಕು. ಆಕೆಯ ಗಂಡ ಅಷ್ಟರಲ್ಲಿ ತೀರಿಹೋಗಿದ್ದ, ಹಾಗಾಗಿ ಮುನಿಯಕ್ಕ ಒಬ್ಬಳ ಮಾತೇ ಗತಿ.

ಅವಳು ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ತಿಪ್ಪಿ ಹೋದವಳೇ ಅವಳ ತೊಡೆ ಏರಿದಳು. ನಾನು ವಿಷಯ ಹೇಳಿ ಮುಗಿಸುವ ತನಕ ಅವಳ ಮೊರ ನಿಲ್ಲಲಿಲ್ಲ.

‘ಆಗಾಕಿಲ್ಲ ಕಣಮ್ಮಿ’ ಎಂದಳು.

‘ಯಾಕೆ ಆಗಲ್ಲ? ಇರೋ ವಿಷಯ ಹೇಳೋದಕ್ಕೆ ಏನು?’

‘ಇವ್ಳು ನನ್ನ ಮಗಳಲ್ಲ ಅಂತ ಕಚೇರೀಲಿ ನಿಂತು ಕೂಗ್ಲಾ? ಅದು ಕೇಳಿಸ್ಕಳಾಕಿಲ್ವಾ? ನಿಂಗೆ ಎಲ್ಡು ಓಗಿದ್ದು ಮರ್ತೋಯ್ತಾ?’

ನಾನು ಆಡಬಾರದ ಮಾತು ಆಡಿದೆ. ‘ನಿನಗೆ ಹೆಣ್ಣಿಲ್ಲ ಅಂತ ನನ್ನ ಮಗಳನ್ನ ಇಟ್ಕೊಳ್ಳೋ ಆಸೆ, ಅದನ್ನ ಹೇಳು!’ ಎಂದೆ. ಮುನಿಯಕ್ಕ ತಿಪ್ಪಿಯನ್ನು ತೊಡೆಯಿಂದ ಇಳಿಸಿ, ಮೊರ ಗೋಡೆಗೆ ಒರಗಿಸಿ ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ, ಆಚೆಯೂ ಬರಲಿಲ್ಲ.

ಆ ಮೇಲಿನ ಎರಡು ತಿಂಗಳು ನಾನು ಹೇಗೆ ಕಳೆದೆನೋ ದೇವರಿಗೇ ಗೊತ್ತು. ಅನ್ನ ಸೇರುತ್ತಿರಲಿಲ್ಲ. ಅಂಚೆಯವನ ಸೈಕಲ್ಲಿನ ಗಂಟೆ ಕೇಳಿದರೆ ಬಾಗಿಲಿಗೆ ಓಡುತ್ತಿದ್ದೆ. ಕೊನೆಗೆ ಯಜಮಾನರ ಕಾಗದ ಬಂತು: ‘ಇನ್ನು ಕಾಯುವುದು ಬೇಡ. ಮಗುವನ್ನು ಅವ್ವನ ಹತ್ತಿರ ಬಿಟ್ಟು ನೀನು ಬಾ. ಆಮೇಲೆ ನೋಡೋಣ.’ ಆಮೇಲೆ ಅಂತೆ! ಗಂಡ ಬೇಕೋ ಮಗಳು ಬೇಕೋ ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಆದರೆ ಪ್ರಶ್ನೆ ಅದೇ ಆಗಿತ್ತು. ಮಗಳನ್ನು ಬಿಟ್ಟು ಹೋದರೆ ಮತ್ತೆ ಯಾವ ಕಾಗದ ತೋರಿಸಿ ಅವಳನ್ನು ಕರೆಸಿಕೊಳ್ಳಲಿ? ಹೋಗದಿದ್ದರೆ ಅವಳಿಗೆ ಅಪ್ಪ ಎಂದರೆ ಗೋಡೆಯ ಮೇಲಿನ ಫೋಟೋ. ಅಡುಗೆ ಮನೆಯಲ್ಲಿ ಕೂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಒಂದು ಬೆಳಿಗ್ಗೆ ಮುನಿಯಕ್ಕ ಯಲಹಂಕದ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದಳು. ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ಒಳಗೆ ಕರೆದರೆ ಬರಲಿಲ್ಲ.

‘ಓದ ವಾರ ಊರಿಗೆ ಬಂದಿದ್ದಾಗ ಈ ಮಗ ಒಂದ್ ಫೋಟೋ ತಂದಿದ್ಲು. ಅಪ್ಪ ಅಂತ ಅದುಕ್ಕೆ ರಾಗಿಮುದ್ದೆ ಮೆತ್ತಿ ಉಣ್ಣಿಸ್ತಾ ಕುಂತಿದ್ಲು ಕಣಮ್ಮಿ’ ಎಂದಳು. ‘ನಂಗೆ ನೋಡಾಕಾಗ್ಲಿಲ್ಲ. ನಡಿ, ಎಲ್ಲಿಗೆ ಬರ್ಬೇಕು ನಡಿ.’

ಮೆಜಿಸ್ಟ್ರೇಟರು ಒಳ್ಳೆಯವರೇ. ಪುಸ್ತಕದ ನಕಲು ಓದಿ, ‘ಈ ಮಗು ನಿನ್ನದೇನಮ್ಮ?’ ಎಂದರು. ಮುನಿಯಕ್ಕ ತಿಪ್ಪಿಯನ್ನು ತನ್ನ ಮುಂದೆ ನಿಲ್ಲಿಸಿಕೊಂಡು ಅವಳ ಎರಡು ಕಿವಿಯನ್ನೂ ಅಂಗೈಯಿಂದ ಮುಚ್ಚಿದಳು.

‘ಮೆತ್ತಗೆ ಏಳ್ತೀನಿ ಬುದ್ಧಿ’ ಎಂದಳು.

‘ಯಾಕೆ ಮೆತ್ತಗೆ? ಎಲ್ಲರಿಗೂ ಕೇಳ್ಬೇಕು. ಜೋರಾಗಿ ಹೇಳು.’

ನಾನು ಆರು ವರ್ಷ ಸ್ಕೂಲು ಕಲಿತವಳು, ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದುಕೊಂಡಿದ್ದವಳು. ಆ ಗಳಿಗೆಯಲ್ಲಿ ಮಾತ್ರ, ಬೇಡ ಮುನಿಯಕ್ಕ, ಮನೆಗೆ ಹೋಗೋಣ ಬಾ ಎಂದು ಅವಳ ಸೆರಗು ಎಳೆಯಬೇಕು ಅನ್ನಿಸಿತು. ಅಷ್ಟರಲ್ಲಿ ಅವಳು ಹೇಳಿಬಿಟ್ಟಳು.

‘ನನ್ನೊಟ್ಟೇಲಿ ಉಟ್ಟಿದ್ದಲ್ಲ ಬುದ್ಧಿ. ಈ ಅಮ್ಮಿ ಮಗಳು. ನಂದಲ್ಲ.’

ಹೆಬ್ಬೆಟ್ಟು ಒತ್ತಿಸಿಕೊಂಡರು. ಆಚೆ ಬಂದು ಅವಳು ಮಸಿಯನ್ನು ಮರದ ತೊಗಟೆಗೆ ಉಜ್ಜಿದಳು, ಹೋಗಲಿಲ್ಲ. ಬಸ್ಸಿನಲ್ಲಿ ಹೆಬ್ಬಾಳದ ಕೆರೆ ದಾಟುವ ತನಕ ತಿಪ್ಪಿಯ ಕೈ ಮುಟ್ಟಲಿಲ್ಲ. ಮಸಿ ಅಂಟುತ್ತದೆ ಎಂದಳು.

ಮೂರು ತಿಂಗಳಿಗೆ ಪೌರತ್ವದ ಕಾಗದ, ಪಾಸ್‌ಪೋರ್ಟು ಎರಡೂ ಬಂದವು. ಹೊರಡುವ ವಾರ ನಾನು ಹೊಸ ಮೊರ ತಂದು, ತುಂಬಾ ತವುಡು ಹಾಕಿ, ಅರಿಶಿನ ಕುಂಕುಮ ಬಳೆ ಇಟ್ಟು ಮುನಿಯಕ್ಕನ ಮನೆಗೆ ತೆಗೆದುಕೊಂಡು ಹೋದೆ. ನಿಯಮದ ಪ್ರಕಾರ ಬಿಡಿಸಿಕೊಳ್ಳಬೇಕಲ್ಲ, ಗಂಡನಿಲ್ಲದವಳಿಗೆ ಕುಂಕುಮ ಬಳೆ ಕೊಡಬಾರದು ಎಂಬುದೂ ಆ ಗಡಿಬಿಡಿಯಲ್ಲಿ ನೆನಪಾಗಲಿಲ್ಲ. ಅವಳು ಕುಂಕುಮ ಕೈಯಿಂದಲೂ ಮುಟ್ಟದೆ, ಬಳೆ ಮಾತ್ರ ತೆಗೆದು ತಿಪ್ಪಿಯ ಕೈಗೆ ತೊಡಿಸಿದಳು. ಅವಳ ಕೈಗೆ ಅವು ಮೊಳಕೈ ತನಕ ಜಾರಿದವು.

‘ತವುಡು ಎತ್ಕಂಡೋಗು’ ಎಂದಳು. ‘ಕಾಗದದ ಮೇಲೆ ಕೊಟ್ಟೆ, ಅದು ಸರ್ಕಾರಕ್ಕೆ. ತವುಡು ಈಸ್ಕಂಡ್ರೆ ಪೂರ್ತಿ ನಿಂದಾಗೋಯ್ತಾಳೆ. ಅಷ್ಟು ದೂರ ಓಯ್ತಿದೀರ, ನಿಂದಾಗಿ ಓಗೋದು ಬ್ಯಾಡ. ನಂದಾಗೇ ಓಗ್ಲಿ.’

ನಾನು ಅವಳ ಕಾಲು ಹಿಡಿದೆ. ಅಂದು ಆಡಿದ ಮಾತಿಗೆ ತಪ್ಪಾಯಿತು ಎಂದೆ. ಅವಳು, ‘ಆಸೆ ಇತ್ತು ಬಿಡು, ಸುಳ್ಳೇನಿಲ್ಲ’ ಎಂದಳು.

ಹಡಗು ಹತ್ತಿದ ಐದನೆಯ ದಿನ ತಿಪ್ಪಿಗೆ ಮೈ ಕಾದು ಕೆಂಡವಾಯಿತು, ಮುಖದ ತುಂಬ ದಡಾರ ಎದ್ದಿತು. ಹಡಗಿನ ಡಾಕ್ಟರು ಔಷಧ ಕೊಟ್ಟು ಹೋದ. ಸುತ್ತ ನೀರು ಬಿಟ್ಟರೆ ಏನಿಲ್ಲ, ನಮ್ಮವರು ಎನ್ನುವವರು ಒಬ್ಬರಿಲ್ಲ. ಅದು ಕೇಳಿಸಿಕೊಂಡಿತು ಎಂದು ನನಗೆ ಖಾತ್ರಿಯಾಯಿತು. ಮೂರು ದಿನ ಮಗುವಿನ ಕಿವಿಯ ಹತ್ತಿರ ಬಾಯಿಟ್ಟು ಒಂದೇ ಮಾತು ಹೇಳಿದೆ: ‘ಇವಳು ನನ್ನ ಮಗಳಲ್ಲ. ಮುನಿಯಕ್ಕನ ಮಗಳು. ತವುಡು ವಾಪಸು ಕೊಟ್ಟಿಲ್ಲ.’ ಎಂಟು ತಿಂಗಳು ಕಂಡಕಂಡವರಿಗೆ ಕೈಮುಗಿದು ಇವಳು ನನ್ನವಳು ಎಂದು ಸಾಧಿಸಿದವಳು ನಾನೇ. ನಾಲ್ಕನೆಯ ದಿನ ಅವಳು ಎದ್ದು ಕೂತು ಹಸಿವು ಎಂದಳು. ಔಷಧವೋ, ತವುಡೋ, ನನಗೆ ಬೇಕಾಗಿಯೂ ಇಲ್ಲ. ಈಗ ಹೇಳಿ, ಬಂದಿಳಿದ ದಿನ ಆ ಆಫೀಸರು ತಾಯಿಯೇ ಎಂದು ಕೇಳಿದಾಗ ಹೌದೆಂದು ಜೋರಾಗಿ ಹೇಗೆ ಹೇಳಲಿ?

ಇಲ್ಲಿಗೆ ಬಂದು ಎರಡು ವರ್ಷವಾಯಿತು. ಮಹಡಿಯ ಮೇಲೆ ಒಂದೇ ಕೋಣೆ. ಊರಿನಲ್ಲಿ ಬಾಗಿಲು ಹಾಕಿದ್ದರೆ ಯಾರಿಗೋ ಏನೋ ಆಗಿದೆ ಎಂದು ಓಡಿ ಬರುತ್ತಿದ್ದರು, ಇಲ್ಲಿ ಬಾಗಿಲು ತೆರೆದಿದ್ದರೆ ಓಡಿ ಬರುತ್ತಾರೆ. ಮನೆಯ ಒಡತಿಯನ್ನು ಲ್ಯಾಂಡ್‌ಲೇಡಿ ಎನ್ನಬೇಕು. ಮೊದಲ ಚಳಿಗಾಲ ನಾನು ಒಗ್ಗರಣೆ ಹಾಕಿದಾಗಲೆಲ್ಲ ಆಕೆ ಕೆಮ್ಮುತ್ತ ಮೆಟ್ಟಿಲು ಹತ್ತುತ್ತಿದ್ದಳು. ಈಗ ತಾನೇ ಬಟ್ಟಲು ಹಿಡಿದು ಬರುತ್ತಾಳೆ, ಸಾರು ಕೇಳಲು. ರಾಗಿ ಮಾತ್ರ ಎಲ್ಲೂ ಸಿಗಲಿಲ್ಲ. ಮೊದಲ ಸಲ ಅಂಗಡಿಗೆ ಒಬ್ಬಳೇ ಹೋದ ದಿನ, ರಟ್ಟಿನ ಡಬ್ಬಿಯೊಂದನ್ನು ರಾಗಿಯಿರಬಹುದೆಂದು ತಂದು ಬಿಚ್ಚಿ ನೋಡುತ್ತೇನೆ, ತವುಡು! ಇವರು ತವುಡನ್ನು ಬೆಳಿಗ್ಗೆ ಹಾಲಿಗೆ ಹಾಕಿಕೊಂಡು ತಿನ್ನುತ್ತಾರೆ ಕಣ್ರೀ. ಯಜಮಾನರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ನಗುತ್ತಲೇ ಅಳು ಬಂತು. ಅದನ್ನು ಯಾರಿಗೂ ತಿನ್ನಲು ಬಿಟ್ಟಿಲ್ಲ, ಕಿಟಕಿಯ ಮೇಲೆ ಇಟ್ಟಿದ್ದೇನೆ.

ತಿಪ್ಪಿ ಇಲ್ಲಿಯ ಸ್ಕೂಲಿಗೆ ಹೋಗುತ್ತಾಳೆ. ನನಗಿಂತ ಚೆನ್ನಾಗಿ ಇಂಗ್ಲಿಷು ಆಡುತ್ತಾಳೆ, ಅಂಗಡಿಯಲ್ಲಿ ನನ್ನ ಮಾತನ್ನು ಅವಳೇ ತಿದ್ದುತ್ತಾಳೆ. ನಾನಿನ್ನೂ ಊರಿನ ಪಾಸ್‌ಪೋರ್ಟಿನವಳು. ನೀನೂ ಅರ್ಜಿ ಹಾಕು ಎನ್ನುತ್ತಾರೆ ಯಜಮಾನರು. ಅವರು ತಂದುಕೊಟ್ಟ ಅರ್ಜಿಯ ಕಾಗದ ಪೆಟ್ಟಿಗೆಯಲ್ಲಿ ಹಾಗೇ ಇದೆ.

ಹೋದ ತಿಂಗಳು ಮುನಿಯಕ್ಕನಿಗೆ ಕಾಗದ ಬರೆದೆ. ಮಗು ಈಗ ಗಟ್ಟಿಯಾಗಿದ್ದಾಳೆ, ಊರಿಗೆ ಬರುವಾಗ ಇಲ್ಲಿಯದೇ ಡಬ್ಬಿಯ ತವುಡು ತರುತ್ತೇನೆ, ಆಗಲಾದರೂ ಈಸಿಕೋ ಎಂದು ಬರೆದೆ. ನಿನ್ನೆ ಉತ್ತರ ಬಂತು. ಯಾರೋ ಮೇಷ್ಟ್ರ ಕೈಲಿ ಬರೆಸಿದ್ದಾಳೆ, ಒಂದೇ ಸಾಲು: ‘ತವುಡು ತರಬೇಡ, ನನ್ನ ಮಗಳನ್ನು ತಂದು ತೋರಿಸು.’ ಕೆಳಗೆ ಅವಳ ಹೆಬ್ಬೆಟ್ಟಿನ ಗುರುತು.

ತಿಪ್ಪಿ ಆ ಗುರುತಿನ ಮೇಲೆ ತನ್ನ ಹೆಬ್ಬೆಟ್ಟು ಇಟ್ಟು ನೋಡಿದಳು. ‘ಯಾರದಿದು?’ ಎಂದಳು.

‘ನಿಮ್ಮಮ್ಮನದು’ ಎಂದೆ.

‘ನೀನಲ್ವಾ ನಮ್ಮಮ್ಮ?’

‘ಇಲ್ಲಿ ನಾನು’ ಎಂದೆ. ‘ಊರಲ್ಲಿ ಅವಳು.’