ಟರ್ಬೊ ಏಳುವ ತನಕ

ಹಿಂಬದಿ ಬಾಗಿಲ ಮೇಲೆ ಕೆಂಪಕ್ಷರದಲ್ಲಿ ‘ಟರ್ಬೊ’ ಎಂದು ಬರೆದಿದ್ದ ನಮ್ಮ ಮನೆಯ ಸೆಕೆಂಡ್ ಹ್ಯಾಂಡ್ ಡೀಸೆಲ್ ಗಾಡಿಯನ್ನು ಕಂಡರೆ ನನಗೆ ಹೆದರಿಕೆ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಅಪ್ಪಯ್ಯನ ಎರಡೂ ಕಣ್ಣಿಗೆ ಪೊರೆ ಬಂದು, ಅಡ್ಡಗದ್ದೆಯಿಂದ ಕೊಪ್ಪದ ಕಣ್ಣಿನ ಡಾಕ್ಟರ ಹತ್ತಿರ ಅವರನ್ನು ಕರೆದೊಯ್ಯುವ ಕೆಲಸ ನನ್ನ ತಲೆಗೆ ಬಂದಿತ್ತು. ನನಗೋ ಲೈಸೆನ್ಸ್ ಸಿಕ್ಕಿ ತಿಂಗಳೂ ತುಂಬಿರಲಿಲ್ಲ.

ಅಪ್ಪಯ್ಯ ಜೀವಮಾನವಿಡೀ ಹಳೇ ಜೀಪು ಓಡಿಸಿದವರು. ಅದು ಮೂರನೇ ಗೇರಿನಲ್ಲೇ ಗುಡುಗುಡು ಅನ್ನುತ್ತಾ ಎಂಥ ಏರನ್ನೂ ಹತ್ತುತ್ತಿತ್ತು. ನಮ್ಮ ಕಡೆ ಗೇರ್ ಇಳಿಸಿ ಎಂಜಿನ್ ಕೂಗಿಸುವವರಿಗೆ ಗಾಡಿ ಓಡಿಸಲು ಬರುವುದಿಲ್ಲವೆಂದೇ ಲೆಕ್ಕ. ಡೀಸೆಲ್ ಕುಡಿಯುತ್ತೆ, ಎಂಜಿನ್ ಸವೆಯುತ್ತೆ ಎಂಬ ದೂರು ಬೇರೆ. ಕಣ್ಣು ಮಂಜಾದರೂ ಅಪ್ಪಯ್ಯನ ಕಿವಿ ಎಂಜಿನ್ ಮೇಲೇ ಇರುತ್ತಿತ್ತು. “ಎಂತಕ್ಕೆ ಕೂಗಿಸ್ತೀಯ ಮಾರಾಯ್ತಿ, ಮೇಲಿನ ಗೇರ್ ಹಾಕು!”

ಗಾಡಿ ಮಾರಿದವರು ಹೇಳಿದ್ದೇ ಬೇರೆ. ಎಂಜಿನ್ ಬಿಡುವ ಹೊಗೆಯ ಒತ್ತಡಕ್ಕೆ ತಿರುಗಿ, ಅದೇ ಎಂಜಿನ್ನಿಗೆ ಗಾಳಿ ತುಂಬುವ ಚಕ್ರವೇ ಟರ್ಬೊ. ಎಂಜಿನ್ ನಿಧಾನವಾಗಿದ್ದರೆ ಅದು ಮಲಗಿರುತ್ತದೆ, ಏಳಲು ಹೊತ್ತು ಹಿಡಿಯುತ್ತದೆ. ಓವರ್‌ಟೇಕ್ ಮಾಡುವ ಮೊದಲೇ ಗೇರ್ ಇಳಿಸಿ ಎಂದಿದ್ದರು. ಅಪ್ಪಯ್ಯನೆದುರು ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗಿತ್ತು?

ಜಯಪುರ ದಾಟಿದ ಮೇಲೆ ಏರಿನಲ್ಲಿ ಮರ ತುಂಬಿದ ಲಾರಿಯೊಂದು ತೆವಳುತ್ತಿತ್ತು. ಎದುರು ರಸ್ತೆ ಖಾಲಿ ಕಂಡಿತು. ಗೇರ್ ಇಳಿಸಲು ಕೈ ಹಾಕಿದೆ. “ಮೂರರಲ್ಲೇ ಎಳೆಯುತ್ತೆ, ಹೋಗು,” ಎಂದರು ಅಪ್ಪಯ್ಯ. ಬಲಕ್ಕೆ ಹೊರಳಿ ಆಕ್ಸಿಲರೇಟರ್ ಪೂರ್ತಿ ತುಳಿದೆ.

ಏನೂ ಆಗಲಿಲ್ಲ. ಗಾಡಿ ಲಾರಿಯ ಪಕ್ಕದಲ್ಲೇ ನಿಂತುಬಿಟ್ಟಂತಾಯಿತು. ಅಷ್ಟರಲ್ಲಿ ತಿರುವಿನಿಂದ ಬಸ್ಸು ಬಂತು. ಹಿಂದೆ ಸರಿಯೋಣವೆಂದರೆ ಲಾರಿಯ ಬೆನ್ನಿಗೆ ಆಗಲೇ ಒಂದು ಜೀಪು ಅಂಟಿಕೊಂಡಿತ್ತು. ಸತ್ತೆವು ಅಂದುಕೊಂಡೆ. ಏನೂ ಕಾಣದೆ ಪಕ್ಕದಲ್ಲಿ ನೆಮ್ಮದಿಯಾಗಿ ಕೂತ ಅಪ್ಪಯ್ಯನನ್ನು ನಾನೇ ಕೊಲ್ಲುತ್ತಿದ್ದೇನೆ ಎಂಬ ಭಯ ಹಿಡಿಯಿತು. ಹೇಗೋ ಕ್ಲಚ್ ತುಳಿದು ಎರಡನೇ ಗೇರಿಗೆ ಎಳೆದೆ. ಎಂಜಿನ್ ಕಿರುಚಿತು. ಆಗ ಟರ್ಬೊ ಎದ್ದು, ಗಾಡಿ ಮುಂದಕ್ಕೆ ನೆಗೆಯಿತು. ಲಾರಿಯ ಮುಂದಕ್ಕೆ ಬಂದು ಎಡಕ್ಕೆ ತಿರುಗಿಸಿದೆ. ಬಸ್ಸಿನ ಗಾಳಿ ಕೆನ್ನೆಗೆ ಬಡಿದು ಹೋಯಿತು.

“ಎಂತದು ಬಂದಿದ್ದು?”

“ಬಸ್ಸು. ದೂರ ಇತ್ತು ಅಪ್ಪಯ್ಯ.”

ಅವರು ತಡಕಾಡಿ, ಗೇರಿನ ಮೇಲಿದ್ದ ನನ್ನ ಕೈ ಹಿಡಿದರು. ಅದು ಗಡಗಡ ನಡುಗುತ್ತಿತ್ತು. ಎಷ್ಟು ದೂರ ಇತ್ತೆಂದು ಅವರಿಗೆ ಅದರಿಂದಲೇ ಗೊತ್ತಾಗಿರಬೇಕು. ಆಮೇಲೆ ಅವರು ಆ ಕೈ ಬಿಡಲೇ ಇಲ್ಲ.

ಕೊಪ್ಪದ ಹತ್ತಿರ ಮತ್ತೊಂದು ಏರು, ಮತ್ತೊಂದು ಲಾರಿ. ನಾನು ಹೆದರಿ ಅದರ ಹಿಂದೆಯೇ ಉಳಿದೆ. ಎಷ್ಟೋ ಹೊತ್ತಿನ ಮೇಲೆ ರಸ್ತೆ ನೇರವಾಯಿತು, ಎದುರಿಗೆ ಯಾರೂ ಇಲ್ಲವೆಂದು ಹೇಳಿದೆ.

“ಕ್ಲಚ್ ತುಳಿ ಕೂಸೇ,” ಎಂದರು.

ತುಳಿದೆ. ನನ್ನ ಕೈ ಮೇಲಿದ್ದ ಕೈಯಿಂದ ಅವರೇ ಗೇರನ್ನು ಕೆಳಗೆಳೆದರು. ಎಂಜಿನ್ ಜೋರಾಗಿ ಕೂಗಿತು.

“ಕೂಗ್ಲಿ ಬಿಡು,” ಎಂದರು ಅಪ್ಪಯ್ಯ.