ಸಾಹೇಬರ ಕಂಪ್ಯೂಟರಿಗೆ ಮೊದಲ ಮರ್ಯಾದೆ

"ಕಾಕಾ, ಮುಂಜಾನಿ ಮೊದಲ ಯಾವ ಸ್ವಿಚ್ ಹಾಕ್ತೀರಿ?" ಎಂದು ಇಂಜಿನಿಯರ್ ಹುಡುಗಿ ಕೇಳಿದಳು. ಮಚ್ಛೆ ಊರಿನ ಕಾರ್ಖಾನೆಯೊಂದರಲ್ಲಿ ಜವಾನನಾಗಿದ್ದ ನಾನು ಹೆಮ್ಮೆಯಿಂದ, "ಸಾಹೇಬ್ರ ಖೋಲಿ ಕಂಪ್ಯೂಟರಿಂದು. ಮರ್ಯಾದಿ ಅಂತ ಒಂದ ಐತೆಲ್ರಿ" ಎಂದೆ.

ಒಂದು ಕೈಕೊಟ್ಟರೆ ಇನ್ನೊಂದು ಕೆಲಸ ನಡೆಸಲೆಂದು ಅವಳು ಹೊಸದಾಗಿ ಜೋಡಿಸಿದ್ದ, ಸಾಹೇಬರ ಕೋಣೆಯದೂ ಸೇರಿ, ಎರಡೂ ಕಂಪ್ಯೂಟರುಗಳು ವಾರದಿಂದ ದಿನಾ ಮುಂಜಾನೆ ಒಟ್ಟಿಗೇ ಮುಷ್ಕರ ಹೂಡುತ್ತಿದ್ದವು. ಬೈಗುಳವೆಲ್ಲ ಅವಳಿಗೆ. ಎರಡಕ್ಕೂ ಬೇಕಾದ ಮಾಹಿತಿ ಮೂಲೆಯ ಡಿಸ್ಕ್ ಪೆಟ್ಟಿಗೆಯಲ್ಲಿತ್ತು. ಅದನ್ನು ನಾನು ಕಸ ಗುಡಿಸಿದ ಮೇಲೆ, ಕೊನೆಗೆ ಚಾಲು ಮಾಡುತ್ತಿದ್ದೆ.

"ಒಲಿ ಹಚ್ಚೂಕಿಂತ ಮೊದಲ ಪಂಕ್ತಿ ಕುಂದ್ರಿಸಿದಂಗಾತಲ್ರಿ, ಕಾಕಾ!" ಎಂದು ನಕ್ಕು, ಡಿಸ್ಕ್ ಸಿದ್ಧವಾಗುವವರೆಗೆ ಉಳಿದವು ಕಾಯುವಂತೆ ಸೆಟ್ಟಿಂಗ್ ಬದಲಿಸಿದಳು. ಸಾಹೇಬರೆದುರು ಮಾತ್ರ "ತಪ್ಪು ನಂದರೀ" ಎಂದಳು. ಚಹಾ ಹಿಡಿದು ನಿಂತಿದ್ದ ನಾನು, "ಹೋಗ್ಲಿ ಬಿಡ್ರಿ ಸಾಹೇಬ್ರ, ಸಣ್ಣಾಕಿ" ಎಂದುಬಿಟ್ಟೆ!

ನಿವೃತ್ತನಾಗಿ ಖಾನಾಪುರಕ್ಕೆ ಬಂದರೂ ಆ ಮಾತು ನೆನಪಾದರೆ ಕಿವಿ ಬಿಸಿಯಾಗುತ್ತದೆ. ಸಾಹೇಬರೇ, ತಪ್ಪು ನನ್ನದಾಗಿತ್ತು.