ರೇಡಿಯೋ ಗುಂಡಿಯಿಂದ ಆಡುವ ಆಟ

2023ರ ಮೇ ತಿಂಗಳು. ಗೋಕಾಕದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮೂವತ್ತೊಂದು ವರ್ಷ ನಡೆಸಿದ ದುರಸ್ತಿ ಅಂಗಡಿಯನ್ನು ಮುಚ್ಚಿ ನಾನು ಮನೆಯಲ್ಲಿ ಕುಳಿತು ಎಂಟು ತಿಂಗಳಾಗಿತ್ತು. ಮೊದಲು ರೇಡಿಯೋ, ಆಮೇಲೆ ಟಿ.ವಿ., ಕೊನೆಗೆ ಕಂಪ್ಯೂಟರ್. ಜನ ಏನು ತಂದರೋ ಅದನ್ನು ಬಿಚ್ಚಿದೆ. ನಾನು ಸಾಲೆ ಕಲಿತದ್ದು ಏಳನೆಯ ಇಯತ್ತೆಯ ತನಕ. ಸೋಲ್ಡರಿಂಗ್ ಕಡ್ಡಿ ಹಿಡಿಯುವುದನ್ನು ನಮ್ಮ ಯಜಮಾನರು ಕಲಿಸಿದರು. ಕಂಪ್ಯೂಟರನ್ನು ಕಂಪ್ಯೂಟರೇ ಕಲಿಸಿತು. ಇಂಗ್ಲಿಷ್ ಅಂದರೆ ನನಗೆ ಪರದೆಯ ಮೇಲೆ ಮತ್ತೆ ಮತ್ತೆ ಬರುವ ಹತ್ತಿಪ್ಪತ್ತು ಶಬ್ದ, ಅಷ್ಟೇ. ಯಜಮಾನರು ತೀರಿಕೊಂಡ ಮೇಲೂ ಒಬ್ಬಳೇ ನಿಂತು ನಡೆಸಿದೆ, ಅಂಗಡಿಯ ಬಾಗಿಲು ಒಂದು ದಿನವೂ ಮುಚ್ಚಲಿಲ್ಲ.

ಇಷ್ಟು ವರ್ಷಗಳ ಕೆಲಸದಲ್ಲಿ ಬರೆದಿಡಬೇಕು ಅನ್ನಿಸುವುದು ಅಂಗಡಿ ಮುಚ್ಚಿದ ಮೇಲೆ ಬಂದ ಒಂದೇ ಒಂದು ಕೆಲಸ. ಗಿರಾಕಿ ನನ್ನ ಮೊಮ್ಮಗಳು ತನು, ಒಂಬತ್ತು ವರ್ಷದವಳು. ಅವಳ ಹೆಸರು ಬರೆಯುತ್ತಿದ್ದ ಹಾಗೇ ಮುಖದ ತುಂಬ ನಗು ಬರುತ್ತದೆ, ಏನು ಮಾಡಲಿ! ಆದರೆ ಆ ಕೆಲಸ ನಡೆದ ಒಂದೂವರೆ ತಿಂಗಳಲ್ಲಿ ನನಗೆ ಬಂದಷ್ಟು ಸಿಟ್ಟು ಹಿಂದಿನ ಮೂವತ್ತೊಂದು ವರ್ಷದಲ್ಲಿ ಬಂದಿರಲಿಲ್ಲ.

ತನು ಇರುವುದು ಮೂಡಲಗಿಯಲ್ಲಿ. ನನ್ನ ಮಗಳು ಸುಮಾಳನ್ನು ಅಲ್ಲಿಗೆ ಕೊಟ್ಟಿದ್ದೇವೆ. ಮಾರ್ಚಿನಲ್ಲಿ ಹುಡುಗಿ ಸೈಕಲ್ಲಿನಿಂದ ಬಿದ್ದು ಬಲ ಮುಂಗೈಯ ಎರಡೂ ಎಲುಬು ಮುರಿದುಕೊಂಡಳು. ಆರು ವಾರ ಪ್ಲಾಸ್ಟರ್. ಅದನ್ನು ಬಿಚ್ಚಿದಾಗ ಎಲುಬು ಕೂಡಿತ್ತು, ಬೆರಳು ಆಡುತ್ತಿದ್ದವು, ಆದರೆ ಮುಂಗೈ ತಿರುಗುತ್ತಿರಲಿಲ್ಲ. ಅಂಗೈ ನೆಲದ ಕಡೆಗೇ ಮುಖ ಮಾಡಿಕೊಂಡು ನಿಂತುಬಿಟ್ಟಿತ್ತು. ಘಟಪ್ರಭಾದ ದವಾಖಾನೆಯಲ್ಲಿ ವ್ಯಾಯಾಮ ಮಾಡಿಸುವ ಮೇಡಂ ನೋಡಿ ಹೇಳಿದರು:

“ದಿನಾ ತಿರುವಬೇಕ್ರಿ. ಒಂದೂವರಿ ತಿಂಗಳ ನೋಡೂಣು. ಆಗ್ಲಿಲ್ಲಂದ್ರ ದೊಡ್ಡ ಡಾಕ್ಟರ್ ಕಡೆ ಕಳಸ್ತೀನಿ. ಅವ್ರು ಮತ್ತ ಆಪರೇಶನ್ ಅಂದ್ರೂ ಅಂದ್ರು.”

ಆಪರೇಶನ್ ಎಂಬ ಮಾತು ಕೇಳಿ ತನು ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಮುಖವಿಟ್ಟಳು, ಗೋಕಾಕ ಬರುವ ತನಕ ಎತ್ತಲಿಲ್ಲ. ವ್ಯಾಯಾಮ ಮಾಡಿಸಲು ಕೈ ಹಿಡಿದರೆ ಓಣಿಗೆಲ್ಲ ಕೇಳುವ ಹಾಗೆ ಚೀರುತ್ತಿದ್ದಳು. ನಾಲ್ಕು ದಿನಕ್ಕೆ ಸುಮಾ ಸೋತಳು. “ಅವ್ವಾ, ನನ್ನ ಕೈಲೆ ಆಗೂದಿಲ್ಲ. ನೀನ ಇಟಗೋ,” ಎಂದು ಮಗಳನ್ನು ನನ್ನ ಹತ್ತಿರ ಬಿಟ್ಟು ಹೋದಳು.

ಅಂದು ಸಂಜೆ ತನು ತಾನಾಗಿ ಕೇಳಿದ್ದು ಒಂದೇ: “ಆಯಿ, ನಿನ್ನ ಇಟ್ಟಂಗಿ ಆಟ ಹಚ್ಚ.”

ಈ ಆಟದ ವಿಷಯ ಹೇಳಬೇಕು. ನನ್ನ ಅಂಗಡಿಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು, ಅಂಗಡಿ ಮುಚ್ಚಿದಾಗ ಮನೆಗೆ ತಂದಿದ್ದೆ. ಅದರಲ್ಲಿ ಇಟ್ಟಂಗಿ, ಅಂದರೆ ಇಟ್ಟಿಗೆ, ಒಡೆಯುವ ಆಟ. ಪರದೆಯ ಮೇಲೆ ಇಟ್ಟಂಗಿಯ ಸಾಲು, ಕೆಳಗೆ ಒಂದು ಹಲಗೆ. ಹಲಗೆಯನ್ನು ಆಚೆ ಈಚೆ ಸರಿಸುತ್ತ ಚೆಂಡು ಬೀಳದ ಹಾಗೆ ಕಾಯಬೇಕು. ಕೀಲಿ ಒತ್ತಿ ಆಡುವುದು ನನಗೆ ಸರಿಬರಲಿಲ್ಲ. ಅದಕ್ಕೆ ಕೆಟ್ಟ ರೇಡಿಯೋದ ವಾಲ್ಯೂಮ್ ಕಂಟ್ರೋಲನ್ನು ತೆಗೆದು, ಗುಂಡಿ ಸಮೇತ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿ, ಕಂಪ್ಯೂಟರಿನ ಬೆನ್ನಿಗೆ ಜಾಯ್‌ಸ್ಟಿಕ್, ಅಂದರೆ ಆಟದ ಕೋಲು, ಹಚ್ಚುವ ಜಾಗಕ್ಕೆ ವೈರ್ ಕೊಟ್ಟಿದ್ದೆ. ಗುಂಡಿ ತಿರುವಿದರೆ ಹಲಗೆ ಓಡುತ್ತದೆ. ತನು ಐದು ವರ್ಷದವಳಿದ್ದಾಗಿನಿಂದ ರವಿವಾರ ಬಂದರೆ ಅದರ ಮುಂದೆಯೇ. ಬೀಳುವ ಮೊದಲು ಹದಿನಾಲ್ಕನೆಯ ಹಂತ ದಾಟಿದ್ದಳು. ಹದಿನೈದನೆಯದು ಒಡೆಯಲೊಲ್ಲದೆಂದು ಜಗಳ ಕಾಯುತ್ತಿದ್ದಳು. ಆಟ ಮುಗಿದ ಮೇಲೆ ಅಂಗೈ ಚಾಚುತ್ತಿದ್ದಳು, ನಾನು ಒಂದು ತುಂಡು ಕರದಂಟು ಇಡುತ್ತಿದ್ದೆ. ಅದು ನಮ್ಮ ಪದ್ಧತಿ.

ಆಗ ನನಗೆ ಹೊಳೆಯಿತು. ಗುಂಡಿ ತಿರುವಬೇಕಾದರೆ ಮುಂಗೈ ತಿರುಗಲೇಬೇಕು! ಮೇಡಂಗೆ ಫೋನ್ ಮಾಡಿದೆ. “ಅದಕ್ಕಿಂತ ಚಲೋ ಏನ್ ಬೇಕ್ರಿ? ಮೊಳಕೈ ಮೈಗೆ ಹತ್ತಿಸಿ ಕೂಡಸ್ರಿ,” ಎಂದರು.

ಖುಷಿಯಿಂದ ಹಳೆಯ ಕಂಪ್ಯೂಟರಿನ ಸ್ವಿಚ್ ಹಾಕಿದೆ. ಹೊಗೆ ಬಂತು. ಹಿಂದಿನ ವಾರದ ಗುಡುಗು ಮಳೆಯಲ್ಲಿ ಕರೆಂಟು ಏರಿಳಿದು ಮದರ್‌ಬೋರ್ಡ್, ಅಂದರೆ ಎಲ್ಲವನ್ನೂ ಹೊತ್ತ ಮುಖ್ಯ ಹಲಗೆ, ಸುಟ್ಟಿತ್ತು. ಬಿಚ್ಚಿ ನೋಡಿದರೆ ನಾಲ್ಕು ಕಡೆ ಕಪ್ಪು. ಅದರ ಮೇಲಿರುವ, ಕಂಪ್ಯೂಟರಿನ ಗಡಿಯಾರ ನಡೆಸುವ ಸೆಲ್ ಕೂಡ ಜಾಗದಲ್ಲಿ ಇರಲಿಲ್ಲ. ಯಾವಾಗಲೋ ಬೇರೆ ಯಾವುದಕ್ಕೋ ತೆಗೆದಿರಬೇಕು ಎಂದು ಸುಮ್ಮನಾದೆ. ಪುಣ್ಯಕ್ಕೆ ಹಾರ್ಡ್ ಡಿಸ್ಕ್ ಬದುಕಿತ್ತು. ಅದನ್ನು ಸುಮಾ ನನ್ನ ಹತ್ತಿರ ಬಿಟ್ಟುಹೋಗಿದ್ದ ಹೊಸ ಲ್ಯಾಪ್‌ಟಾಪಿಗೆ ಹಚ್ಚಿ ಆಟದ ಫೈಲುಗಳನ್ನು ನಕಲು ಮಾಡಿಕೊಂಡೆ. ಇನ್ನೇನು, ಸಂಜೆಗೆ ಆಟ ಶುರು ಎಂದು ತನುಗೆ ಮಾತು ಕೊಟ್ಟೆ. ಕೊಡಬಾರದಿತ್ತು.

ಹೊಸ ಆಪರೇಟಿಂಗ್ ಸಿಸ್ಟಮ್ ಆಟವನ್ನು ಮುಟ್ಟಲೂ ಇಲ್ಲ. ಈ ಆಟ ನಿಮ್ಮ ಯಂತ್ರದಲ್ಲಿ ನಡೆಯದು ಎಂಬ ಒಂದು ಸಾಲು ತೋರಿಸಿ ಕೈ ತೊಳೆದುಕೊಂಡಿತು. ಆಟ ಹದಿನಾರು ಬಿಟ್ ಕಾಲದ್ದು, ಲ್ಯಾಪ್‌ಟಾಪ್ ಅರವತ್ನಾಲ್ಕು ಬಿಟ್ಟಿನದು. ಸರಳವಾಗಿ ಹೇಳಿದರೆ, ಹಳೆಯದರ ಮಾತನ್ನು ಕೇಳುವ ಕಿವಿಯನ್ನೇ ಹೊಸದರಿಂದ ತೆಗೆದುಬಿಟ್ಟಿದ್ದಾರೆ. ಹಳೆಯ ಸಿಸ್ಟಮ್ಮಿನ ಹಾಗೆ ನಡೆಸು ಎಂದು ಹೇಳುವ ಒಂದು ಆಯ್ಕೆ ಇದೆ. ಅದನ್ನು ಎಲ್ಲ ಬಗೆಯಲ್ಲೂ ಒತ್ತಿ ನೋಡಿದೆ. ಎರಡು ದಿನ ಹೋದವು.

ನನ್ನ ಅಣ್ಣನ ಮಗ ಪ್ರಕಾಶ ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಕಲಿತವನು, ಹುಕ್ಕೇರಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ. ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡು ಅವನ ಹತ್ತಿರ ಹೋದೆ. ನೋಡಿ ನಕ್ಕ.

“ಅತ್ತಿ, ಈ ಆಟ ವಯಸ್ಸಿನಾಗ ನನಕಿಂತ ದೊಡ್ಡದೈತಲ್ಲ! ಮೊಬೈಲ್‌ನ್ಯಾಗ ಇಂಥಾವು ಬೇಕಾದಷ್ಟ ಅದಾವ, ಹಾಕಿ ಕೊಡ್ಲ್ಯಾ?”

“ಮೊಬೈಲ್ ಆಟಕ್ಕ ಹೆಬ್ಬೆರಳ ಸಾಕೋ ಶಾಣ್ಯಾ. ನನಗ ಮುಂಗೈ ತಿರಗಬೇಕು.”

“ಹಂಗಾರ ಲ್ಯಾಪ್‌ಟಾಪಿಗೆ ಹೊಸಾ ಇಟ್ಟಂಗಿ ಆಟ ಹಾಕ್ತೀನಿ. ನಿನ್ನ ಗುಂಡಿ ಅದಕ್ಕ ಹಚ್ಚ.”

ಹಾಕಿಕೊಟ್ಟ. ಲ್ಯಾಪ್‌ಟಾಪಿಗೆ ಹಳೆಯ ಜಾಯ್‌ಸ್ಟಿಕ್ ಜಾಗವೇ ಇಲ್ಲದ್ದರಿಂದ ನಾನು ಒಂದು ಕೆಟ್ಟ ಯುಎಸ್‌ಬಿ ಜಾಯ್‌ಸ್ಟಿಕ್ ಬಿಚ್ಚಿ, ಅದರ ಕೋಲಿನ ಜಾಗಕ್ಕೆ ರೇಡಿಯೋ ಗುಂಡಿಯ ವೈರ್‌ಗಳನ್ನು ಸೋಲ್ಡರ್ ಮಾಡಿದೆ. ಗುಂಡಿ ಚೆನ್ನಾಗಿಯೇ ಕೆಲಸ ಮಾಡಿತು. ತನು ಬಂದು ಕುಳಿತಳು. ಮಿಣಮಿಣ ದೀಪ, ಹೂವು, ಸಂಗೀತ. ಒಂದು ನಿಮಿಷ ನೋಡಿ ಎದ್ದಳು. “ಇದು ನಂದಲ್ಲ. ಇದರಾಗ ನಾ ಒಂದನೇದ್ರಾಗ ಅದೇನಿ. ನಂದು ಹದಿನಾಲ್ಕ ಆಗೇತಿ.” ನೋವು ತಿಂದು ಕೈ ತಿರುವಬೇಕಾದರೆ ಅವಳಿಗೊಂದು ಕಾರಣ ಬೇಕಲ್ಲ! ಆ ಕಾರಣ ಹದಿನೈದನೆಯ ಹಂತವಾಗಿತ್ತು, ಅದು ಸುಟ್ಟ ಕಂಪ್ಯೂಟರಿನ ಡಿಸ್ಕಿನಲ್ಲಿ ಕುಳಿತಿತ್ತು.

ಪ್ರಕಾಶ ಮರುದಿನ ಫೋನ್ ಮಾಡಿ ಎಮ್ಯುಲೇಟರ್ ಎಂಬ ಪ್ರೋಗ್ರಾಂ ಹೇಳಿದ. ಅದು ಹೊಸ ಯಂತ್ರದ ಒಳಗೆ ಹಳೆಯ ಯಂತ್ರದ ಸೋಗು ಹಾಕುತ್ತದೆ. ಆಟ ತಾನು ಹಳೆಯ ಮನೆಯಲ್ಲೇ ಇದ್ದೇನೆ ಎಂದು ನಂಬುತ್ತದೆ. ಹಾಕಿದೆ. ಆಟದ ಫೈಲನ್ನು ಎಳೆದು ಅದರ ಮೇಲೆ ಬಿಟ್ಟೆ. ಕಪ್ಪು ಕಿಟಕಿ ತೆರೆಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಏನೋ ಬಿಳಿ ಅಕ್ಷರ ಮೂಡಿ, ಕಿಟಕಿ ತಾನೇ ಮುಚ್ಚಿಕೊಂಡಿತು.

ಮತ್ತೆ ಬಿಟ್ಟೆ. ಮುಚ್ಚಿತು. ನಾಲ್ಕು ಸಲ, ಹತ್ತು ಸಲ. ಆಟ ಬಾಗಿಲು ತೆರೆದು ನನ್ನ ಮುಖ ನೋಡಿ ಬಾಗಿಲು ಹಾಕಿಕೊಂಡ ಹಾಗೆ! ಗುಂಡಿಯ ದೋಷವಿರಬೇಕೆಂದು ಮೂರು ಸಲ ಸೋಲ್ಡರ್ ಬಿಚ್ಚಿ ಮತ್ತೆ ಹಾಕಿದೆ. ಡಿಸ್ಕಿನ ದೋಷವೆಂದು ಫೈಲುಗಳನ್ನೆಲ್ಲ ಮತ್ತೆ ನಕಲು ಮಾಡಿದೆ. ಎಮ್ಯುಲೇಟರನ್ನು ತೆಗೆದು ಮತ್ತೆ ಹೊಸದಾಗಿ ಹಾಕಿದೆ. ಪ್ರಕಾಶ ಗೋಕಾಕಕ್ಕೇ ಬಂದು ಅರ್ಧ ದಿನ ಕುಳಿತ. “ಅತ್ತಿ, ಫೈಲ್ ಕೆಟ್ಟಾವ. ಬಿಟ್ಟಬಿಡ,” ಎಂದು ಎದ್ದ.

“ನಿನ್ನಿ ಮೊನ್ನಿ ಹೊಗಿ ಬರೂತನಕ ಆಡೇತಿ. ಒಮ್ಮಿಂದೊಮ್ಮೆ ಹೆಂಗ ಕೆಡತೈತಿ? ಉತ್ತರಾ ಹೇಳ, ಇಲ್ಲಾ ಚಾ ಕುಡಿದು ಸುಮ್ಮ ಹೋಗ.”

ಅವನು ಚಹಾ ಕುಡಿದು ಹೋದ. ಹಳೆಯ ಕಂಪ್ಯೂಟರಿನಿಂದ ಹೊಗೆ ಬಂದು ಆಗಲೇ ಹದಿನೇಳು ದಿನ ಕಳೆದಿದ್ದವು. ಈ ನಡುವೆ ಘಟಪ್ರಭಾಕ್ಕೆ ಹೋದಾಗ ಮೇಡಂ ತನುವಿನ ಕೈ ಅಳೆದು ಹಿಂದಿನ ಸಲದ ಅಂಕಿಯನ್ನೇ ಮತ್ತೆ ಬರೆದರು. ನನಗೆ ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಮನೆಗೆ ಬಂದು ಕರದಂಟಿನ ತುಂಡು ಕೊಟ್ಟರೆ ಹುಡುಗಿ ಎಡಗೈ ಚಾಚಿದಳು. ನಾನು ಅಡುಗೆ ಮನೆಗೆ ಹೋಗಿ ಸುಮ್ಮನೆ ಪಾತ್ರೆ ಸದ್ದು ಮಾಡಿದೆ.

ಮರುದಿನ ಮಧ್ಯಾಹ್ನ ಮತ್ತೆ ಕುಳಿತೆ. ಕಿಟಕಿ ಮತ್ತೆ ತೆರೆದು ಮುಚ್ಚಿತು. ನಾನು ಮೇಜಿಗೆ ಗುದ್ದಿದೆ. ಬಾಜೂಕ್ಕೆ ಕುಳಿತಿದ್ದ ತನು ಹೇಳಿದಳು:

“ಆಯಿ, ಅದರಾಗ ಏನೋ ಬರದ ಬರತೈತಿ. ನೀ ಓದಿಯೇನ?”

“ಓದೂದ್ರಾಗ ಹೋಗತೈತಲ್ಲವಾ. ಮೊದಲ ನನಗ ಇಂಗ್ಲಿಷ್ ಒಂದೊಂದ ಅಕ್ಷರ ಕೂಡಸಬೇಕು.”

“ಮೊಬೈಲ್‌ನ್ಯಾಗ ಶೂಟಿಂಗ್ ಮಾಡೂಣು. ಆಮ್ಯಾಲ ನಿಂದರಿಸಿ ಓದೂಣು.”

ಇಂಜಿನಿಯರಿಗೂ ಹೊಳೆಯಲಿಲ್ಲ, ಮೂವತ್ತೊಂದು ವರ್ಷ ದುಡಿದವಳಿಗೂ ಹೊಳೆಯಲಿಲ್ಲ! ಅವಳು ಎಡಗೈಯಲ್ಲಿ ಫೋನ್ ಹಿಡಿದಳು, ನಾನು ಆಟ ಶುರು ಮಾಡಿದೆ. ಆಮೇಲೆ ವಿಡಿಯೋವನ್ನು ಹಿಂದೆ ಮುಂದೆ ಎಳೆದು ಒಂದು ಕಡೆ ನಿಲ್ಲಿಸಿ, ಸಾಲೆಯಲ್ಲಿ ಪಾಠ ಓದುವ ದನಿಯಲ್ಲಿ ಓದಿ ಅರ್ಥ ಹೇಳಿದಳು: “ನಿಮ್ಮ ಮೂವತ್ತ ದಿನಾ ಮುಗದಾವು ಅಂತೈತಿ ಆಯಿ. ಯಾವ ಮೂವತ್ತ ದಿನಾ?”

ನಾನು ಹಣೆ ಹಣೆ ಬಡಿದುಕೊಂಡೆ.

ಆ ಆಟ ಪೂರ್ತಿ ಆಟವೇ ಅಲ್ಲ. ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಲ್ಲಿದ್ದ ಪರೀಕ್ಷೆಯ ಪ್ರತಿ. ಮೂವತ್ತು ದಿನ ಆಡಿಸಿ ಆಮೇಲೆ ನಿಲ್ಲುವಂಥದ್ದು. ಪೂರ್ತಿ ಆಟ ಎಲ್ಲಿ ಸಿಗುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ, ಆಟ ಬಿಡಲು ಮನಸ್ಸಿರಲಿಲ್ಲ. ಅದಕ್ಕೆ ಮದರ್‌ಬೋರ್ಡಿನ ಮೇಲಿನ ಗಡಿಯಾರದ ಸೆಲ್ಲನ್ನು ನಾನೇ ಕಿತ್ತಿದ್ದೆ. ಆ ಸೆಲ್ ಇಲ್ಲದಿದ್ದರೆ ಕಂಪ್ಯೂಟರಿಗೆ ತಾರೀಖು ನೆನಪಿರುವುದಿಲ್ಲ. ಸ್ವಿಚ್ ಹಾಕಿದಾಗಲೆಲ್ಲ ಕಾರ್ಖಾನೆಯಲ್ಲಿ ಇಟ್ಟ ಅದೇ ತಾರೀಖಿನಿಂದ ಎಣಿಸುತ್ತದೆ. ಅದೇ ತಾರೀಖಿನಲ್ಲಿ ಆಟವನ್ನು ಹಾಕಿದೆ. ಅಲ್ಲಿಂದ ಆ ಕಂಪ್ಯೂಟರಿಗೆ ದಿನಾ ಮೊದಲನೆಯ ದಿನ. ಮೂವತ್ತು ದಿನ ಎಂದೂ ಮುಗಿಯಲಿಲ್ಲ. ಎರಡನೆಯ ದಿನವೇ ಬರಲಿಲ್ಲವಲ್ಲ! ಹೊಸ ಲ್ಯಾಪ್‌ಟಾಪಿಗೆ ಮಾತ್ರ ಇವತ್ತಿನ ತಾರೀಖು ಚೆನ್ನಾಗಿ ಗೊತ್ತಿತ್ತು.

ನಮ್ಮ ಯಜಮಾನರದು ಒಂದು ಕಟ್ಟುನಿಟ್ಟು ಇತ್ತು. ಯಾವ ರೇಡಿಯೋ ಬಿಚ್ಚಿದರೂ, ಏನು ತೆಗೆದೆ, ಏನು ಹಾಕಿದೆ ಎಂದು ಒಂದು ಚೀಟಿ ಬರೆದು ಮುಚ್ಚಳದ ಒಳಗೆ ಅಂಟಿಸಬೇಕು, ಮುಂದೆ ಬಿಚ್ಚುವವನಿಗೆ ತಿಳಿಯಲಿ ಎಂದು. ಇಡೀ ಗೋಕಾಕದ ಯಂತ್ರಗಳಲ್ಲಿ ನನ್ನ ವಕ್ರ ಅಕ್ಷರದ ಚೀಟಿಗಳು ಸಿಗುತ್ತವೆ. ಸ್ವಂತ ಕಂಪ್ಯೂಟರಿಗೆ ಅಂಟಿಸಲಿಲ್ಲ. ನನಗೆ ನೆನಪಿರುತ್ತದಲ್ಲ ಎಂಬ ಸೊಕ್ಕು. ಖಾಲಿ ಜಾಗವನ್ನು ಕಣ್ಣಾರೆ ಕಂಡೂ ಮತ್ತೊಬ್ಬರ ಕೆಲಸದ ಹಾಗೆ ನೋಡಿ ಮುಚ್ಚಿದ್ದೆ.

ಪ್ರಕಾಶನಿಗೆ ಫೋನ್ ಮಾಡಿದೆ. ಹೊಟ್ಟೆ ಹಿಡಿದು ನಕ್ಕ, ಆಮೇಲೆ ಕೆಲಸದ ಮಾತು ಹೇಳಿದ: ಲ್ಯಾಪ್‌ಟಾಪಿನ ತಾರೀಖು ಮುಟ್ಟಬೇಡ, ಎಮ್ಯುಲೇಟರ್ ಒಳಗೇ ಆ ಹಳೆಯ ತಾರೀಖಿನ ಒಂದು ಸಾಲು ಬರೆ. ಬರೆದೆ. ಕಿಟಕಿ ತೆರೆಯಿತು, ಮುಚ್ಚಲಿಲ್ಲ. ಇಟ್ಟಂಗಿಗಳು ಬಂದವು. ಚೆಂಡು ಮಾತ್ರ ಕಣ್ಣಿಗೆ ಕಾಣದಷ್ಟು ಓಡುತ್ತಿತ್ತು, ಯಾಕೆಂದರೆ ಹೊಸ ಯಂತ್ರದ ವೇಗ ಹೆಚ್ಚು. ಎಮ್ಯುಲೇಟರಿನಲ್ಲಿ ವೇಗ ಇಳಿಸುವ ಉಪಾಯ ಇತ್ತು. ಹಳೆಯ ಕಂಪ್ಯೂಟರಿಗಿಂತಲೂ ಕಡಿಮೆ ಮಾಡಿದೆ, ಹುಡುಗಿಯ ಕೈಗೆ ತಕ್ಕಷ್ಟು.

ತನು ಮೊಳಕೈಯನ್ನು ಮೈಗೆ ಹತ್ತಿಸಿ ಗುಂಡಿ ಹಿಡಿದಳು. ಮೊದಲ ದಿನ ಐದು ನಿಮಿಷಕ್ಕೆ ಕಣ್ಣಲ್ಲಿ ನೀರು ಬಂತು, ಚೀರಲಿಲ್ಲ, ಚೆಂಡಿಗೆ ಬೈದಳು. “ಹಾಳಾದ್ದ, ನಿಂದರ ಹೇಳತೇನಿ!” ಎರಡನೆಯ ವಾರಕ್ಕೆ ವೇಗ ಸ್ವಲ್ಪ ಏರಿಸಿದೆ. ಮೂರನೆಯ ವಾರಕ್ಕೆ ಅವಳೇ ಹೇಳಿ ಏರಿಸಿಕೊಂಡಳು. ಹದಿನೈದನೆಯ ಹಂತ ಮಾತ್ರ ದಾಟಲಿಲ್ಲ. ಕೊನೆಗೆ ಒಂದು ಕಡೆ ಎರಡು ಇಟ್ಟಂಗಿ ಉಳಿಯುತ್ತಿದ್ದವು. ಅಲ್ಲಿಗೆ ಗುಂಡಿಯನ್ನು ಪೂರ್ತಿ ಬಲಕ್ಕೆ ತಿರುವಬೇಕು.

ಮೇಡಂ ಕೊಟ್ಟ ಒಂದೂವರೆ ತಿಂಗಳಿಗೆ ಇನ್ನು ಎರಡು ದಿನ ಇತ್ತು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಒಳಗಿನಿಂದ ಕೂಗು ಕೇಳಿತು, ನೋವಿನದಲ್ಲ. ಹಿಟ್ಟಿನ ಕೈಯಲ್ಲೇ ಓಡಿದೆ. ಪರದೆಯ ಮೇಲೆ ಹದಿನಾರನೆಯ ಹಂತದ ಇಟ್ಟಂಗಿಗಳು ನಿಂತಿದ್ದವು. ತನು ಅತ್ತ ನೋಡುತ್ತಲೇ ಇರಲಿಲ್ಲ. ನನ್ನ ಕಡೆ ತಿರುಗಿ ಬಲಗೈ ಚಾಚಿದಳು. ಅಂಗೈ ಮೇಲಕ್ಕೆ.

“ಕರದಂಟ ಎಲ್ಲೈತಿ ಆಯಿ?”

ಒಂದಲ್ಲ, ಮೂರು ತುಂಡು ಇಟ್ಟೆ. ಒಂದೂ ಜಾರಲಿಲ್ಲ. ಘಟಪ್ರಭಾದಲ್ಲಿ ಮೇಡಂ ಅಳೆದು, “ಇನ್ನೊಂದೀಟ ಐತಿ, ಅದೂ ಬರತೈತಿ. ಆಪರೇಶನ್ ಮಾತ ಬ್ಯಾಡ,” ಎಂದಾಗ ಬಸ್ ನಿಲ್ದಾಣದ ತನಕ ನಾನು ನಡೆದೆನೋ ಹಾರಿದೆನೋ ನೆನಪಿಲ್ಲ.

ಈಗ ಆ ಲ್ಯಾಪ್‌ಟಾಪಿನ ಅಡಿಯಲ್ಲಿ ಒಂದು ಚೀಟಿ ಇದೆ. “ಆಟದಾಗ ತಾರೀಖು ಹಿಂದ ಹಾಕೇನಿ. ವೇಗ ಕಡಿಮಿ ಮಾಡೇನಿ. ನಾನ ಮಾಡಿದ್ದು.” ಕೆಳಗೆ ನನ್ನ ಹೆಸರು. ಬೇರೆಯವರ ತಪ್ಪನ್ನು ಹುಡುಕಲು ಈ ಉದ್ಯೋಗ ಮೂವತ್ತೊಂದು ವರ್ಷ ಕಲಿಸಿತು. ಬಿಚ್ಚುವ ಮೊದಲು ಇದರಲ್ಲಿ ನನ್ನ ಕೈ ಎಲ್ಲಿದೆ ಎಂದು ಕೇಳಿಕೊಳ್ಳುವುದನ್ನು ಕಲಿಸಿದ್ದು ದೋಷ ಹುಡುಕಿದ ಆ ಹದಿನೆಂಟು ದಿನ. ಚೀಟಿಗೆ ಗೋಂದು ಹಚ್ಚಿ ಒತ್ತಿ ಅಂಟಿಸಿದವಳು ತನು, ಬಲಗೈಯಿಂದ.